ತಾರೆ ಸೋತರೂ ನಿಲ್ಲದ ಟೂರ್ನಿ

1970ರ ಸೆಪ್ಟೆಂಬರ್ 23ರಿಂದ 26ರವರೆಗೆ ಅಮೆರಿಕದ ಹ್ಯೂಸ್ಟನ್ ರ‍್ಯಾಕೆಟ್ ಕ್ಲಬ್‌ನಲ್ಲಿ ನಡೆದ ಮಹಿಳೆಯರ ಟೆನಿಸ್ ಟೂರ್ನಿಯ ಮಾತು ಬಂದಾಗಲೆಲ್ಲ ಅದೇ ಒಂದು ಫೋಟೊ ಅಚ್ಚಾಗುತ್ತದೆ: ಒಂದೊಂದು ಡಾಲರ್ ನೋಟು ಎತ್ತಿ ಹಿಡಿದು ನಗುತ್ತಿರುವ ಆಟಗಾರ್ತಿಯರು. ‘ವರ್ಲ್ಡ್ ಟೆನಿಸ್’ ಪತ್ರಿಕೆಯ ಗ್ಲ್ಯಾಡಿಸ್ ಹೆಲ್ಡ್‌ಮನ್ ಜತೆ ಒಂದು ಡಾಲರ್‌ಗೆ ಒಪ್ಪಂದ ಮಾಡಿಕೊಂಡ ಒಂಬತ್ತು ಮಂದಿಯ ಧೈರ್ಯಕ್ಕೆ ಅದು ಸಾಕ್ಷಿ, ನಿಜ. ಆದರೆ ಮಹಿಳಾ ಟೆನಿಸ್ ಒಂದು ಕಸುಬಾಗಿ ಬೇರೂರಿದ್ದಕ್ಕೆ ಕಾರಣ ಹುಡುಕುವವರು ಆ ಫೋಟೊಗಿಂತ ಟೂರ್ನಿಯ ಡ್ರಾ ಹಾಳೆಯನ್ನು ನೋಡುವುದು ಒಳ್ಳೆಯದು. ಅದರಲ್ಲಿನ ಅತಿ ದೊಡ್ಡ ಹೆಸರು ಬಿಲ್ಲಿ ಜೀನ್ ಕಿಂಗ್. ಅವರು ಮೊದಲ ಸುತ್ತಿನಲ್ಲೇ ಆಸ್ಟ್ರೇಲಿಯಾದ ಜೂಡಿ ಡಾಲ್ಟನ್‌ಗೆ ಸೋತರು. ಹಾಗಿದ್ದೂ ಆಟ ಮುಂದುವರಿಯಿತು. ಫೈನಲ್‌ನಲ್ಲಿ ರೋಸಿ ಕಸಾಲ್ಸ್ 5-7, 6-1, 7-5ರಿಂದ ಡಾಲ್ಟನ್ ಅವರನ್ನು ಸೋಲಿಸಿ 1,600 ಡಾಲರ್ ಗೆದ್ದರು.

ಇದರಲ್ಲೇನು ವಿಶೇಷ ಎನ್ನುವವರು ಅದಕ್ಕೆ ಮುಂಚಿನ ಕತೆ ತಿಳಿಯಬೇಕು. ಹೆಂಗಸರು ದುಡ್ಡಿಗಾಗಿ ಟೆನಿಸ್ ಆಡಿದ್ದು 1970ರಲ್ಲೇ ಮೊದಲೇನಲ್ಲ. 1926ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಸುಜಾನ್ ಲೆಂಗ್ಲೆನ್ 50,000 ಡಾಲರ್ ಒಪ್ಪಂದದ ಮೇಲೆ ಅಮೆರಿಕ ಪ್ರವಾಸ ಆರಂಭಿಸಿದ್ದರು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ದಿನವೇ ಸಾವಿರಾರು ಜನ ಸೇರಿದರು. ಎದುರಾಳಿ ಮೇರಿ ಬ್ರೌನ್. ಮುಂದೆ ಇನ್ನೊಂದು ಊರು, ಅಲ್ಲೂ ಮೇರಿ ಬ್ರೌನ್, ಅಲ್ಲೂ ಲೆಂಗ್ಲೆನ್‌ಗೇ ಗೆಲುವು. ಪ್ರವಾಸ ಮುಗಿಯುವವರೆಗೆ ಅವರು ಒಮ್ಮೆಯೂ ಸೋಲಲಿಲ್ಲ. ಮುಗಿದ ಮೇಲೆ ಮುಂದುವರಿಸಲು ಏನೂ ಉಳಿಯಲಿಲ್ಲ. 1950-51ರಲ್ಲಿ ಪಾಲಿನ್ ಬೆಟ್ಜ್ ಮತ್ತು ಗಸ್ಸಿ ಮೊರಾನ್ ಜೋಡಿಯ ಪ್ರವಾಸವೂ ಹೀಗೆಯೇ ಆಯಿತು. ಜನ ಬರುತ್ತಿದ್ದುದು ಮೊರಾನ್ ಅವರನ್ನು ನೋಡಲು, ಗೆಲ್ಲುತ್ತಿದ್ದುದು ಬೆಟ್ಜ್. ವಿಂಬಲ್ಡನ್ ಗೆದ್ದ ಮೊದಲ ಕಪ್ಪುವರ್ಣದ ಆಟಗಾರ್ತಿ ಆಲ್ತಿಯಾ ಗಿಬ್ಸನ್ ದಶಕದ ಕೊನೆಗೆ ವೃತ್ತಿಪರರಾದಾಗ ಅವರಿಗೆ ಸಿಕ್ಕ ಕೆಲಸ, ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಟಕ್ಕೆ ಮುಂಚೆ ಕಾರೊಲ್ ಫೆಜೆರೋಸ್ ಜತೆ ಪ್ರದರ್ಶನ ಪಂದ್ಯ ಆಡುವುದು. ಇವೆಲ್ಲ ಒಬ್ಬಳ ಹೆಸರಿನ ಮೇಲೆ ನಿಂತಿದ್ದ ವ್ಯವಸ್ಥೆಗಳು. ಹೆಸರು ಸವೆದ ದಿನ ಗಂಟುಮೂಟೆ ಕಟ್ಟಬೇಕು. ಹಿಂದೆ ಬರುವ ಹುಡುಗಿಗೆ ಅಲ್ಲಿ ಜಾಗವಿಲ್ಲ. ಡ್ರಾ ಇರುವ ಟೂರ್ನಿಯಲ್ಲಾದರೆ ಇವತ್ತು ಹೆಸರಿಲ್ಲದವಳು ನಾಳೆ ಹೆಸರಿದ್ದವಳನ್ನು ಹೊರಗೆ ಹಾಕಬಹುದು. ಕಸುಬಿಗೆ ಬೇಕಾದದ್ದು ಈ ಬಾಗಿಲು.

1968ರಲ್ಲಿ ಹವ್ಯಾಸಿಗಳೂ ವೃತ್ತಿಪರರೂ ಒಂದೇ ಟೂರ್ನಿಯಲ್ಲಿ ಆಡಬಹುದಾದ ಮುಕ್ತ ಯುಗ ಶುರುವಾದಾಗ ಆ ಬಾಗಿಲು ತಾನಾಗಿ ತೆರೆಯಬೇಕಿತ್ತು. ತೆರೆಯಲಿಲ್ಲ. ಆ ವರ್ಷದ ವಿಂಬಲ್ಡನ್‌ನಲ್ಲಿ ರಾಡ್ ಲೇವರ್‌ಗೆ 2,000 ಪೌಂಡ್, ಕಿಂಗ್‌ಗೆ 750. 1970ರ ಇಟಾಲಿಯನ್ ಓಪನ್‌ನಲ್ಲಿ ಇಲಿ ನಾಸ್ಟಾಸೆಗೆ 3,500 ಡಾಲರ್, ಕಿಂಗ್‌ಗೆ 600. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಜಾಕ್ ಕ್ರೇಮರ್ ನಡೆಸುತ್ತಿದ್ದ ಪೆಸಿಫಿಕ್ ಸೌತ್‌ವೆಸ್ಟ್ ಟೂರ್ನಿ ಪುರುಷ ವಿಜೇತನಿಗೆ 12,500, ಮಹಿಳೆಗೆ 1,500 ಡಾಲರ್ ಎಂದು ಪ್ರಕಟಿಸಿತು. ಕ್ವಾರ್ಟರ್ ಫೈನಲ್ ತಲುಪದ ಆಟಗಾರ್ತಿಯರಿಗೆ ಬಿಡಿಗಾಸೂ ಇಲ್ಲ. ತಾರೆಗೆ ಸಿಗುವ ಕಡಿಮೆ ಸಂಭಾವನೆಗಿಂತ ಇದು ಕ್ರೂರ. ಮೊದಲ ಸುತ್ತಿನಲ್ಲಿ ಸೋತವಳು ಬಸ್ ಚಾರ್ಜನ್ನೂ ಕೈಯಿಂದ ಹಾಕಬೇಕೆಂದರೆ, ಮುಂದಿನ ವರ್ಷದ ಡ್ರಾ ತುಂಬಲು ಯಾರು ಉಳಿಯುತ್ತಾರೆ?

ಕ್ರೇಮರ್ ಪಕ್ಷದ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಜನ ಟಿಕೆಟ್ ಕೊಳ್ಳುವುದು ಗಂಡಸರ ಆಟ ನೋಡಲು, ದುಡ್ಡು ದುಡಿಸಿದವರಿಗೆ ದುಡ್ಡು ಎನ್ನುವುದು ವ್ಯಾಪಾರದ ನೇರ ಲೆಕ್ಕ. ಬೆಟ್ಜ್–ಮೊರಾನ್ ಪ್ರವಾಸದಲ್ಲಿ ಕ್ರೇಮರ್ ಕೂಡ ಆಡಿದ್ದರು. ಮಹಿಳಾ ಪಂದ್ಯ ನೆಲಕಚ್ಚಿದ್ದನ್ನು ಕಣ್ಣಾರೆ ಕಂಡಿದ್ದರು. ಆದರೆ ಅವರು ಕಂಡದ್ದು ಪ್ರದರ್ಶನದ ಸೋಲನ್ನು. ಗಂಡಸರ, ಹೆಂಗಸರ ಪಂದ್ಯಗಳು ಒಂದೇ ಅಂಗಳದಲ್ಲಿ ಒಂದೇ ಟಿಕೆಟ್‌ಗೆ ನಡೆಯುವಾಗ ಯಾರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ. ಬೇರೆಯಾಗಿ ನಡೆಸಿ ನೋಡೋಣ ಎಂದರೆ ಅಮೆರಿಕದ ಟೆನಿಸ್ ಸಂಸ್ಥೆ ಅನುಮತಿ ಕೊಡದು, ಆಡಿದವರಿಗೆ ಅಮಾನತಿನ ಬೆದರಿಕೆ. ಒಂದು ಡಾಲರ್ ಒಪ್ಪಂದ ಈ ಬೇಲಿ ದಾಟಲು ಕಂಡುಕೊಂಡ ಉಪಾಯ. ಆ ಮೇಲೆ ಲೆಕ್ಕ ಬೇರೆಯಾಗಿ ಸಿಕ್ಕಿತು: 1971ರ ಸರಣಿಯ ಒಟ್ಟು ಬಹುಮಾನ ಮೂರು ಲಕ್ಷ ಡಾಲರ್ ದಾಟಿತು, ಕಿಂಗ್ ಒಬ್ಬರೇ ಒಂದು ಲಕ್ಷಕ್ಕೂ ಹೆಚ್ಚು ಗಳಿಸಿದರು.

ಈ ಲೆಕ್ಕದ ಹಿಂದೆ ಸಿಗರೇಟಿನ ಹಣವಿತ್ತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 1970ರ ಟೂರ್ನಿಗೆ ಹ್ಯೂಸ್ಟನ್ ಕ್ಲಬ್ ಕಡೆಯಿಂದ ಹೊಂದಿಸಿದ್ದ 5,000 ಡಾಲರ್‌ಗೆ ಫಿಲಿಪ್ ಮಾರಿಸ್ ಮುಖ್ಯಸ್ಥ ಜೋಸೆಫ್ ಕಲ್‌ಮನ್ 2,500 ಸೇರಿಸಿದರು. ಹೆಂಗಸರಿಗೆಂದೇ ತಯಾರಾದ ವರ್ಜೀನಿಯಾ ಸ್ಲಿಮ್ಸ್ ಸಿಗರೇಟಿನ ಹೆಸರು ಟೂರ್ನಿಗೆ ಅಂಟಿತು. ಅಮೆರಿಕದ ಟಿವಿ, ರೇಡಿಯೊಗಳಲ್ಲಿ ಸಿಗರೇಟು ಜಾಹೀರಾತು ನಿಷೇಧ 1971ರ ಜನವರಿಯಿಂದ ಜಾರಿಗೆ ಬರುವುದಿತ್ತು. ಕಂಪನಿಗೆ ಬೇರೆ ವೇದಿಕೆ ಬೇಕಿತ್ತು. ಇದನ್ನು ಔದಾರ್ಯವೆಂದು ಬಣ್ಣಿಸುವುದು ಬೇಡ. ಓಡಾಡಿ ಎದೆಯುಬ್ಬಿಸಿ ಆಡುವವರ ಹೆಸರಿನಲ್ಲಿ ಹೊಗೆ ಮಾರಿದ್ದು ಆ ಚರಿತ್ರೆಯ ಕಲೆಯೇ ಸರಿ. ಆದರೂ ಕಂಪನಿ ಹಾಕಿದ್ದು ಹಣ ಮಾತ್ರ. ವೃತ್ತಿಯನ್ನೇ ಪಣಕ್ಕಿಟ್ಟವರು ಆಟಗಾರ್ತಿಯರು. ಗಾಯಗೊಂಡಿದ್ದ ಜೂಲಿ ಹೆಲ್ಡ್‌ಮನ್ ಆಡಲಾಗದಿದ್ದರೂ ಸಹಿ ಹಾಕಿ, ಕಿಂಗ್ ಎದುರು ಹೆಸರಿಗೆ ಒಂದು ಪಾಯಿಂಟ್ ಆಡಿದರು. ಶಿಕ್ಷೆಯಲ್ಲಿ ಪಾಲು ಬೇಕೆಂದು ತಾವಾಗಿ ಕೇಳಿದಂತೆ.

ಹಾಗಾದರೆ ಜಗತ್ತು ನೆನಪಿಟ್ಟ ಆಟ ಪ್ರದರ್ಶನ ಪಂದ್ಯವೇ ಅಲ್ಲವೇ ಎನ್ನಬಹುದು. 1973ರ ಸೆಪ್ಟೆಂಬರ್ 20ರಂದು ಅದೇ ಹ್ಯೂಸ್ಟನ್‌ನ ಆಸ್ಟ್ರೊಡೋಮ್‌ನಲ್ಲಿ 30,472 ಜನರ ಮುಂದೆ ಕಿಂಗ್ 55 ವರ್ಷದ ಬಾಬಿ ರಿಗ್ಸ್‌ರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ್ದು ಯಾವ ಟೂರ್ನಿಗಿಂತಲೂ ಪ್ರಸಿದ್ಧ. ಆದರೆ ದಿನಾಂಕಗಳನ್ನು ಜೋಡಿಸಿ ನೋಡಿ. ಆಟಗಾರ್ತಿಯರ ಸಂಘವಾದ ಡಬ್ಲ್ಯುಟಿಎ ಹುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ, ಲಂಡನ್ನಿನಲ್ಲಿ. ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ಕೊಟ್ಟ ಮೊದಲ ಯುಎಸ್ ಓಪನ್ ಮುಗಿದು, ಮಾರ್ಗರೆಟ್ ಕೋರ್ಟ್ 25,000 ಡಾಲರ್ ಚೆಕ್ ಪಡೆದದ್ದೂ ರಿಗ್ಸ್ ಪಂದ್ಯಕ್ಕೆ ಮುಂಚೆಯೇ. ಕೋರ್ಟ್ ಹ್ಯೂಸ್ಟನ್‌ನ ಒಂಬತ್ತು ಮಂದಿಯಲ್ಲಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಸಹಿ ಹಾಕದವರಿಗೂ ಅದರ ಫಲ ಸಿಕ್ಕಿತ್ತು. ವಿಂಬಲ್ಡನ್ ಸಮಾನತೆಗೆ ಬಂದದ್ದು 2007ರಲ್ಲಿ, ಅದು ಬೇರೆ ಕತೆ.

ಮರುವರ್ಷ, 2008ರ ಮಾರ್ಚ್‌ನಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಟೆನಿಸ್ ಅಂಗಳಕ್ಕೆ ಡಬ್ಲ್ಯುಟಿಎ ಟೂರ್ನಿಗಾಗಿ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಇಬ್ಬರೂ ಬಂದಿದ್ದರು. ಪ್ರದರ್ಶನದ ಲೆಕ್ಕದಲ್ಲಿ ನಡೆದಿದ್ದರೆ ಅಕ್ಕ-ತಂಗಿಯರನ್ನು ಭಾನುವಾರದ ಫೈನಲ್‌ಗೆ ಕಾದಿರಿಸಿ ಟಿಕೆಟ್ ದರ ಏರಿಸುತ್ತಿದ್ದರು. ಡ್ರಾ ಅವರನ್ನು ಸೆಮಿಫೈನಲ್‌ನಲ್ಲೇ ಎದುರುಬದುರು ನಿಲ್ಲಿಸಿತು. ಸೆರೆನಾ 6-3, 3-6, 7-6ರಿಂದ ಗೆದ್ದು, ಮರುದಿನ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು ಸೋಲಿಸಿ ಪ್ರಶಸ್ತಿ ಪಡೆದರು.