ಅಭ್ಯರ್ಥಿಯನ್ನು ಅರಿಯುವ ದಾರಿ

ಮತ ಕೇಳಲು ಬಂದವರು ಎಂಥವರು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸಾಮಾನ್ಯ ರೈತರು, ಕೂಲಿಕಾರರು ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿ ಬಂದದ್ದು ಮೊದಲ ಮಹಾಚುನಾವಣೆಯಲ್ಲಿ, 1952ರಲ್ಲಿ. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಈ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಡಳಿತದಲ್ಲಿತ್ತು. ಎಲ್ಲ ವಯಸ್ಕರಿಗೂ ಮತದ ಹಕ್ಕು ಎಂಬುದೇ ಹೊಸ ಮಾತು.

1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರಸ್ಥರು ಶೇಕಡ 18ರಷ್ಟು ಮಾತ್ರ. ಆದ್ದರಿಂದ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಮತಪೆಟ್ಟಿಗೆ ಇಟ್ಟು, ಅದಕ್ಕೆ ಚಿಹ್ನೆ ಅಂಟಿಸಲಾಗಿತ್ತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಚಿಹ್ನೆಯಿಂದ ಪೆಟ್ಟಿಗೆಯ ಗುರುತು ಸಿಗುತ್ತಿತ್ತು. ಮನುಷ್ಯನ ಗುಣ ತಿಳಿಯಲು ಕಂಡವರನ್ನೇ ಕೇಳಬೇಕಿತ್ತು.

ದೇಶದ ಬಹುಭಾಗದಲ್ಲಿ ಕಾಂಗ್ರೆಸ್ ಗೆದ್ದ ಆ ಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಆರಿಸಿ ಬಂದವರು ಪಕ್ಷೇತರರಾದ ಅಳವಂಡಿ ಶಿವಮೂರ್ತಿಸ್ವಾಮಿ. ರಜಾಕಾರರ ಹಾವಳಿಯ ದಿನಗಳಲ್ಲಿ, ನಿಜಾಮನ ಗಡಿಯಾಚೆಗಿನ ಮುಂಡರಗಿಯಲ್ಲಿ ಶಿಬಿರ ಕಟ್ಟಿ ವಿಮೋಚನಾ ಹೋರಾಟ ನಡೆಸಿದವರು ಅವರು. ಅಭ್ಯರ್ಥಿ ಯಾರೆಂದು ಜನ ಓದಿ ತಿಳಿಯಬೇಕಾಗಿರಲಿಲ್ಲ. ನಾಲ್ಕು ವರ್ಷದ ಹಿಂದಿನ ನೆನಪೇ ಸಾಕಿತ್ತು. 1962ರಲ್ಲಿ ಅವರು ಲೋಕ ಸೇವಕ ಸಂಘದಿಂದ ಕೊಪ್ಪಳ ಕ್ಷೇತ್ರದಲ್ಲಿ ಮತ್ತೆ ಗೆದ್ದರು.

ಆದರೆ ಎಲ್ಲ ಅಭ್ಯರ್ಥಿಗಳೂ ಹೀಗೆ ಕಣ್ಣೆದುರು ಬಾಳಿದವರಲ್ಲ. ಊರಕಟ್ಟೆಯ ಮಾತಿನಲ್ಲಿ ಜಾತಿ, ಹಂಗು, ದೊಡ್ಡವರ ಮರ್ಜಿ ಬೆರೆಯುವುದೂ ಉಂಟು. ಅಭ್ಯರ್ಥಿಯ ಆಸ್ತಿ, ಸಾಲ, ಮೊಕದ್ದಮೆಗಳು ಐವತ್ತು ವರ್ಷ ಕಚೇರಿ, ಕೋರ್ಟುಗಳ ಕಡತದಲ್ಲೇ ಉಳಿದವು.

ಈ ಕಡತ ತೆರೆದದ್ದು ಸುಪ್ರೀಂ ಕೋರ್ಟು. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು, ಅದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು 2002ರ ಮೇ 2ರಂದು ಅದು ತೀರ್ಪಿತ್ತಿತು. ಇದನ್ನು ಮೊಟಕುಗೊಳಿಸುವ ಕಾನೂನು ಬಂದಾಗ 2003ರ ಮಾರ್ಚ್‌ನಲ್ಲಿ ಅದನ್ನೂ ರದ್ದುಪಡಿಸಿತು. ಅಂದಿನಿಂದ ನಾಮಪತ್ರದೊಂದಿಗೆ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಮೊಕದ್ದಮೆಗಳ ಪ್ರಮಾಣಪತ್ರ ಕಡ್ಡಾಯ. ಮೊಕದ್ದಮೆಗಳಿದ್ದರೆ ಪತ್ರಿಕೆ ಹಾಗೂ ದೂರದರ್ಶನಗಳಲ್ಲಿ ಅಭ್ಯರ್ಥಿಯೇ ಪ್ರಕಟಿಸಬೇಕೆಂದು 2018ರಲ್ಲಿ ಆದೇಶವಾಯಿತು.

1997ರಲ್ಲಿ ಈ ನಾಲ್ಕೂ ತಾಲ್ಲೂಕುಗಳು ಸೇರಿ ಕೊಪ್ಪಳ ಜಿಲ್ಲೆಯಾಯಿತು. ಇಂದು ಇಲ್ಲಿನ ಐದು ವಿಧಾನಸಭಾ ಕ್ಷೇತ್ರಗಳ ಅಭ್ಯರ್ಥಿಗಳ ಪ್ರಮಾಣಪತ್ರಗಳು ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲೂ, ಚುನಾವಣಾ ಆಯೋಗದ ಜಾಲತಾಣದಲ್ಲೂ ಎಲ್ಲರಿಗೂ ನೋಡಲು ಸಿಗುತ್ತವೆ. ಓದು ಬಾರದವರಿಗೆ ಯಾರಾದರೂ ಓದಿ ಹೇಳಬೇಕು, ಅಷ್ಟೆ.

ಊರಿನ ಮಾತು ಮರೆಮಾಚುವುದನ್ನು ಈ ಪತ್ರ ಹೇಳುತ್ತದೆ. ಆದರೆ ಕಷ್ಟಕಾಲದಲ್ಲಿ ಜನರ ಜೊತೆ ನಿಂತವರು ಯಾರು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಅದನ್ನು ಇಂದಿಗೂ ಊರಿನಲ್ಲೇ ಕೇಳಬೇಕು.