ವ್ಯಾಪಾರದ ಹೊರಗಿದ್ದವರು: ಎಂಡೋಸಲ್ಫಾನ್ ಚರಿತ್ರೆಯಲ್ಲಿ ಲಾಭ ಮತ್ತು ಸುರಕ್ಷತೆ

ಉತ್ಪನ್ನದ ಸುರಕ್ಷತೆಗೂ ತಯಾರಕರ ಲಾಭಕ್ಕೂ ಉಂಟಾಗುವ ತಿಕ್ಕಾಟವನ್ನು ಚರ್ಚಿಸುವ ವಾಣಿಜ್ಯ ನೀತಿಶಾಸ್ತ್ರದ ಪಠ್ಯಗಳು ಬಹುಮಟ್ಟಿಗೆ ಅಮೆರಿಕದ ಫೋರ್ಡ್ ಪಿಂಟೊ ಕಾರಿನ ಪ್ರಕರಣದಿಂದ ಆರಂಭವಾಗುತ್ತವೆ. ಕಾರೊಂದಕ್ಕೆ 11 ಡಾಲರ್ ವೆಚ್ಚದ ಬದಲಾವಣೆಯನ್ನೂ ಸುಟ್ಟು ಸಾಯುವ ಒಬ್ಬೊಬ್ಬರಿಗೆ ಕಟ್ಟಲಾದ 2 ಲಕ್ಷ ಡಾಲರ್ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ತೂಗಿದ 1973ರ ಲೆಕ್ಕಪತ್ರ ಈ ಪಠ್ಯಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ; ಆ ಪತ್ರ ಪಿಂಟೊ ಒಂದಕ್ಕೇ ಸಂಬಂಧಿಸಿದ್ದಲ್ಲ, ಸರ್ಕಾರಿ ನಿಯಂತ್ರಣ ಸಂಸ್ಥೆಗೆ ಸಲ್ಲಿಸಲೆಂದು ಎಲ್ಲ ಬಗೆಯ ಕಾರುಗಳನ್ನೂ ಸೇರಿಸಿ ಸಿದ್ಧಪಡಿಸಿದ್ದು ಎಂಬ ವಿವರ ಮಾತ್ರ ಹೆಚ್ಚಿನ ಕಡೆ ಬಿಟ್ಟುಹೋಗಿರುತ್ತದೆ. ಅಲ್ಲಿ ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ದೋಷವಿರುವ ಸರಕು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ಗುಡ್ಡಗಳ ಮೇಲೆ ಎಂಡೋಸಲ್ಫಾನ್ ಸುರಿದ ಇತಿಹಾಸ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಇಲ್ಲಿ ವಿಷವನ್ನು ಕೊಂಡದ್ದು ಸರ್ಕಾರಿ ನಿಗಮ, ತಯಾರಕರಲ್ಲೂ ಒಂದು ಸರ್ಕಾರಿ ಸಂಸ್ಥೆ, ನೋವುಂಡವರೋ ಏನನ್ನೂ ಕೊಳ್ಳದವರು.

ಎಂಡೋಸಲ್ಫಾನ್ ಆರ್ಗನೊಕ್ಲೋರಿನ್ ವರ್ಗದ, ಅಂದರೆ ರಚನೆಯಲ್ಲಿ ಕ್ಲೋರಿನ್ ಬೆಸೆದುಕೊಂಡಿರುವುದರಿಂದ ಮಣ್ಣಿನಲ್ಲೂ ಕೊಬ್ಬಿನಲ್ಲೂ ಬೇಗ ವಿಘಟನೆಯಾಗದೆ ಉಳಿಯುವ ರಾಸಾಯನಿಕಗಳ ಗುಂಪಿನ ಕೀಟನಾಶಕ. 1950ರ ದಶಕದಲ್ಲಿ ಜರ್ಮನಿಯ ಹೋಕ್ಸ್ಟ್ ಸಂಸ್ಥೆ ಇದನ್ನು ರೂಪಿಸಿ ಥಯೋಡಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಭಾರತದಲ್ಲಿ ಖಾಸಗಿಯವರಾದ ಎಕ್ಸೆಲ್ ಮತ್ತು ಕೋರಮಂಡಲ್ ಸಂಸ್ಥೆಗಳೂ ಕೇಂದ್ರ ಸರ್ಕಾರದ ಒಡೆತನದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಸಂಸ್ಥೆಯೂ ಇದನ್ನು ಅಗ್ಗವಾಗಿ ತಯಾರಿಸತೊಡಗಿದವು. 21ನೇ ಶತಮಾನದ ಮೊದಲ ದಶಕದ ಹೊತ್ತಿಗೆ ಜಗತ್ತಿನ ಉತ್ಪಾದನೆಯ ಹೆಚ್ಚುಕಡಿಮೆ ಅರ್ಧ ಭಾರತದ್ದೇ ಆಗಿತ್ತು.

ಇಂಥ ಸರಕನ್ನು ಹದ್ದುಬಸ್ತಿನಲ್ಲಿಡಲು ಇದ್ದ ಕಾನೂನು ಹುಟ್ಟಿದ್ದೂ ಒಂದು ದುರಂತದಿಂದಲೇ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ನೇಮಕವಾದ ವಿಚಾರಣಾ ಆಯೋಗದ ಶಿಫಾರಸುಗಳ ಬೆನ್ನಿಗೆ ಬಂದದ್ದು 1968ರ ಕೀಟನಾಶಕ ಕಾಯ್ದೆ. 1971ರ ನಿಯಮಗಳು ಪ್ರತಿ ಡಬ್ಬಿಯ ಮೇಲೂ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳಲ್ಲಿ ಒಂದರ ತ್ರಿಕೋನ ಇರಬೇಕೆಂದು ವಿಧಿಸಿದವು. ಈ ಬಣ್ಣ ನಿರ್ಧಾರವಾಗುವುದು ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಪ್ರಮಾಣ ಬೇಕು ಎಂಬ ಅಳತೆಯಿಂದ. ಹೊಟ್ಟೆಗೆ ಸೇರಿದ ಕೂಡಲೇ ಕೊಲ್ಲುವ ಶಕ್ತಿಯನ್ನು ಅದು ಅಳೆಯುತ್ತದೆ. ಇಪ್ಪತ್ತು ವರ್ಷ ಹನಿಹನಿಯಾಗಿ ಸೇರಿದರೆ ಏನಾಗುತ್ತದೆ ಎಂಬುದು ಆ ತ್ರಿಕೋನದ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಇಡೀ ವಿವಾದದ ಬೀಜ ಈ ಕೊರತೆಯಲ್ಲಿದೆ.

ಸರ್ಕಾರಿ ನಿಗಮವಾದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳಲ್ಲಿ ಸುಮಾರು ನಾಲ್ಕೂವರೆ ಸಾವಿರ ಹೆಕ್ಟೇರಿನಷ್ಟು ಗೇರು ಬೆಳೆಸಿತ್ತು. ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಹತೋಟಿಗೆ ತರಲು 1970ರ ದಶಕದ ಕೊನೆಯ ಹೊತ್ತಿಗೆ ಆರಂಭವಾದ ಹೆಲಿಕಾಪ್ಟರ್ ಸಿಂಪಡಣೆ ವರ್ಷಕ್ಕೆ ಎರಡು ಮೂರು ಬಾರಿಯಂತೆ 2000ದವರೆಗೆ ನಡೆಯಿತು. ಆಳುಗಳಿಂದ ಮರಮರಕ್ಕೂ ಹೊಡೆಸುವುದಕ್ಕಿಂತ ಇದು ಅಗ್ಗ, ಬೇಗ. ಆದರೆ ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಊರುಗಳ ನೆಲದ ರಚನೆಯೇ ಬೇರೆ: ತೋಟ ಗುಡ್ಡದ ನೆತ್ತಿಯಲ್ಲಿ, ಮನೆ ಮತ್ತು ಅಡಿಕೆ ತೋಟ ಕಣಿವೆಯಲ್ಲಿ, ಕುಡಿಯುವ ನೀರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಸಣ್ಣ ಧಾರೆಯಾಗಿ ಇಳಿದು ಅಂಗಳದ ಬದಿಯ ಕೆರೆಗೆ ಬೀಳುವುದು. ಸಿಂಪಡಣೆಗೆ ಮೊದಲು ನೀರಿನ ತಾಣಗಳನ್ನು ಮುಚ್ಚಬೇಕು, ಯಂತ್ರ ಮರದ ತಲೆಗಿಂತ ಎರಡು ಮೂರು ಮೀಟರ್ ಮೇಲಷ್ಟೇ ಹಾರಬೇಕು ಎಂಬ ಸೂಚನೆಗಳು ಸಮತಟ್ಟಾದ ಹೊಲಕ್ಕಾದರೆ ಅರ್ಥಪೂರ್ಣ. ಏರಿಳಿತದ ಗುಡ್ಡದ ಮೇಲೆ ಅಷ್ಟು ತಗ್ಗಿನಲ್ಲಿ ಹೆಲಿಕಾಪ್ಟರ್ ಹಾರಲಾರದು. ಹರಿಯುವ ತೋಡನ್ನು ಮುಚ್ಚುವ ಮುಚ್ಚಳವೂ ಎಲ್ಲೂ ಇಲ್ಲ. ಪಾಲಿಸಲಾಗದ ಸೂಚನೆಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ತಯಾರಕರ ಹೊಣೆ ತೀರಿತೆಂದು ಹೇಳುವುದು ಕಷ್ಟ.

ಭಾಷೆಯ ಪಾಲೂ ಇಲ್ಲಿದೆ. ಕರಾವಳಿಯ ಕನ್ನಡದಲ್ಲಿ ಕೀಟನಾಶಕಕ್ಕೆ ‘ಮದ್ದು’, ಬಯಲುಸೀಮೆಯಲ್ಲಿ ‘ಔಷಧಿ’. ಮೇಲಿನಿಂದ ಬೀಳುತ್ತಿರುವುದು ಮದ್ದು ಎಂದೇ ತಿಳಿದ ಊರಿನಲ್ಲಿ ಜೇನ್ನೊಣ ಕಾಣೆಯಾದದ್ದಕ್ಕೂ ಕರುಗಳು ಅಂಗವಿಕಲವಾಗಿ ಹುಟ್ಟಿದ್ದಕ್ಕೂ ಮೊದಮೊದಲು ದೈವದ ಮುನಿಸನ್ನು ಕಾರಣವಾಗಿ ಕಂಡವರಿದ್ದರು. ಪತ್ರಕರ್ತ ಶ್ರೀ ಪಡ್ರೆಯವರು ಸಿಂಪಡಣೆಯತ್ತ ಬೆರಳು ತೋರಿ ಬರೆದರು. 1980ರ ದಶಕದ ಆರಂಭದಿಂದ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರರು ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್‌ಗಳು ಅಳತೆ ಮೀರಿ ಗುಂಪುಗೂಡಿರುವುದನ್ನು ಗುರುತಿಸಿದರು. ಪೆರಿಯದ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ ಹೂಡಿದ ದಾವೆಯ ಫಲವಾಗಿ 2000ದ ಅಕ್ಟೋಬರ್ 18ರಂದು ವೈಮಾನಿಕ ಸಿಂಪಡಣೆಗೆ ತಡೆ ಬಿತ್ತು.

ಅಲ್ಲಿಂದ ಮುಂದೆ ಜಗಳ ಪುರಾವೆಯದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಯ ಹಾಲಿನಲ್ಲಿ ವಿಷದ ಶೇಷ ಕಂಡಿತು. ನಿಗಮವೇ ನಿಯೋಜಿಸಿದ ಸಂಸ್ಥೆಯ ಅಧ್ಯಯನ ಅದಕ್ಕೆ ವ್ಯತಿರಿಕ್ತವಾಗಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಿಂಪಡಣೆಗೆ ಒಳಗಾದ ಊರಿನ 117 ಹುಡುಗರನ್ನು ಹಾಗೆ ಒಳಗಾಗದ ಊರಿನ 90 ಹುಡುಗರೊಂದಿಗೆ ಹೋಲಿಸಿ, ಎಂಡೋಸಲ್ಫಾನ್ ಪ್ರಾಯಕ್ಕೆ ಬರುವುದನ್ನು ತಡಮಾಡಬಹುದು, ಹಾರ್ಮೋನುಗಳ ಉತ್ಪತ್ತಿಯಲ್ಲಿ ತಲೆಹಾಕಬಹುದು ಎಂಬ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿತು. ಉದ್ಯಮ ಅದನ್ನು ಒಪ್ಪಲಿಲ್ಲ. ಕೇಂದ್ರ ನೇಮಿಸಿದ ದುಬೆ ಮತ್ತು ಮಾಯೀ ಸಮಿತಿಗಳು ರೋಗಗಳಿಗೂ ಎಂಡೋಸಲ್ಫಾನಿಗೂ ನಂಟು ಕಾಣಲಿಲ್ಲ. ಆ ಪ್ರದೇಶದ ಪ್ರತಿಯೊಂದು ವೈಕಲ್ಯವನ್ನೂ ಒಂದೇ ರಾಸಾಯನಿಕದ ತಲೆಗೆ ಕಟ್ಟಲು ಸಾಧ್ಯವಿಲ್ಲವೆಂಬುದು ನಿಜ. ಆದರೆ ನಿರ್ದೋಷವೆಂದು ತೋರಿಸುವ ಭಾರ ಮಾರುವವರ ಮೇಲಿರದೆ, ದೋಷವಿದೆಯೆಂದು ತೋರಿಸುವ ಭಾರ ತೋಡಿನ ನೀರು ಕುಡಿದವರ ಮೇಲೆ ಬಿದ್ದಾಗ, ಸಂಶಯ ಉಳಿದ ಒಂದೊಂದು ವರ್ಷವೂ ಮಾರಾಟದ ಒಂದೊಂದು ವರ್ಷವಾಯಿತು.

ಉದ್ಯಮದ ವಾದವನ್ನು ತೀರ ಹಗುರವಾಗಿ ಕಾಣುವುದೂ ಸಲ್ಲದು. ಪೇಟೆಂಟ್ ಇಲ್ಲದ ಅಗ್ಗದ ಭಾರತೀಯ ಸರಕನ್ನು ಹೊರದೂಡಿ ತಮ್ಮ ದುಬಾರಿ ಕೀಟನಾಶಕಗಳಿಗೆ ದಾರಿ ಮಾಡಿಕೊಳ್ಳಲು ಯುರೋಪಿನ ಕಂಪನಿಗಳು ಹೂಡಿದ ಸಂಚು ಇದು ಎಂಬ ಅದರ ಮಾತಿನಲ್ಲಿ, ಲೀಟರ್ ನೀರಿಗೆ ಎರಡು ಮಿಲಿಲೀಟರ್ ಬೆರೆಸಿ ತೊಗರಿಯ ಕಾಯಿಕೊರಕಕ್ಕೆ ಹೊಡೆಯುತ್ತಿದ್ದ ರೈತನ ಖರ್ಚಿನ ಲೆಕ್ಕವಾದರೂ ನಿಜವಿತ್ತು. ಸಂಚಿನ ಮಾತು ಮಾತ್ರ ಪಡ್ರೆಯ ರಕ್ತದ ಮಾದರಿಗೆ ಉತ್ತರವಾಗಲಿಲ್ಲ. ಹೋಕ್ಸ್ಟ್‌ನ ಉತ್ತರಾಧಿಕಾರಿಯಾದ ಬೇಯರ್ 2010ರ ಹೊತ್ತಿಗೆ ಈ ವ್ಯಾಪಾರದಿಂದ ಹಿಂದೆ ಸರಿಯಿತು.

ಗಡಿಯ ಈಚೆಗೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ಇದೇ ಮದ್ದನ್ನು ಆಕಾಶದಿಂದ ಬಿಟ್ಟದ್ದು ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಇಲ್ಲಿನ ಮನೆಗಳ ಸ್ಥಿತಿ ಬೆಳಕಿಗೆ ಬಂದದ್ದು ತಡವಾಗಿ. 2011ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಎಂಡೋಸಲ್ಫಾನನ್ನು ತಾತ್ಕಾಲಿಕವಾಗಿ ನಿಷೇಧಿಸಿತು, ಬಳಿಕ ಮಾಸಾಶನವೂ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳೂ ಬಂದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ, ಬೇಗ ಅಳಿಯದ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು, ಭಾರತದ ವಿರೋಧವನ್ನು ವಿನಾಯಿತಿಗಳಿಂದ ತಣಿಸಿ, ಜಾಗತಿಕ ನಿಷೇಧಕ್ಕೆ ಒಪ್ಪಿದವು. ಮೇ 13ರಂದು ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಆದೇಶಿಸಿದ್ದು ಕೇರಳ ಸರ್ಕಾರಕ್ಕೆ. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರ ಪೈಕಿ ನ್ಯಾಯಾಲಯದ ಮೆಟ್ಟಿಲೇರಿದ ಎಂಟು ಮಂದಿಗಷ್ಟೇ ಹಣ ಸಂದಿರುವುದನ್ನು ಕಂಡು ಅದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಲಾಭ ತಯಾರಕರ ಖಾತೆಗೆ ಸೇರಿ, ಪರಿಹಾರ ತೆರಿಗೆಯ ಬೊಕ್ಕಸದಿಂದ ಹೊರಡುವ ಈ ಏರ್ಪಾಡು ಪಿಂಟೊ ಪ್ರಕರಣದಲ್ಲಿ ಕಾಣದ ಸಂಗತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಉತ್ಪನ್ನ ಹೊಣೆಗಾರಿಕೆ’ಯನ್ನು, ಅಂದರೆ ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕನೇ ಉತ್ತರದಾಯಿ ಎಂಬ ತತ್ವವನ್ನು, ಅಧ್ಯಾಯವಾಗಿಯೇ ಸೇರಿಸಿಕೊಂಡಿದೆ; ಆದರೆ ಹೆಸರಿನಲ್ಲೇ ಇರುವಂತೆ ಅದರ ನಡುವೆ ನಿಂತಿರುವವನು ಗ್ರಾಹಕ, ಏನನ್ನೂ ಕೊಳ್ಳದವನಲ್ಲ.

ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳ ನಿಷೇಧಕ್ಕೆ ಹೊರಡಿಸಿದ ಕರಡು, ಆಕ್ಷೇಪಣೆ ಮತ್ತು ಸಮಿತಿಗಳನ್ನು ದಾಟಿ 2023ರಲ್ಲಿ ಹೊರಬರುವಷ್ಟರಲ್ಲಿ ಬೆರಳೆಣಿಕೆಯ ಹೆಸರುಗಳಿಗೆ ಇಳಿದಿತ್ತು. ಈ ಕಾಗದದ ವ್ಯವಹಾರದ ಇನ್ನೊಂದು ತುದಿ ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆಯಂಥ ಊರುಗಳ ಗೊಬ್ಬರದ ಅಂಗಡಿಯಲ್ಲಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇಲ್ಲಿಂದ ದೂರವಿಲ್ಲ. ದ್ರಾಕ್ಷಿ, ತರಕಾರಿ, ಹೂವಿನ ತೋಟಗಳ ಮಗ್ಗುಲಿಗೇ ಲೇಔಟುಗಳೂ ಅಪಾರ್ಟ್‌ಮೆಂಟುಗಳೂ ಎದ್ದಿರುವ ಈ ಸೀಮೆಯಲ್ಲಿ ‘ಔಷಧಿ’ ಕೊಳ್ಳುವ ರೈತನಿಗೆ ಡಬ್ಬಿಯ ಜೊತೆಗೆ ಹಲವು ಮಡಿಕೆಗಳ, ಸಾಸಿವೆಯಷ್ಟು ಸಣ್ಣ ಅಕ್ಷರದ ಮಾಹಿತಿ ಚೀಟಿ ಸಿಗುತ್ತದೆ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನವೂ ಇರುತ್ತದೆ. ತೋಟದ ಗೋಡೆಯಾಚೆ ಮೊದಲ ಮಹಡಿಯಲ್ಲಿ ಬಟ್ಟೆ ಒಣಹಾಕುವವರ ಕೈಗೆ ಆ ಚೀಟಿ ಸೇರುವುದಿಲ್ಲ.