ಒಂದೇ ಕೋರಿಕೆ, ಎರಡು ಓದು: ವೆಬ್ ಸರ್ವರ್‌ಗಳಲ್ಲಿ ರಿಕ್ವೆಸ್ಟ್ ಸ್ಮಗ್ಲಿಂಗ್ ದೋಷದ ಮೂಲ

ಸಾರಾಂಶ

ರಿಕ್ವೆಸ್ಟ್ ಸ್ಮಗ್ಲಿಂಗ್ ದೋಷವನ್ನು ಯಾವುದೋ ಒಂದು ತಂತ್ರಾಂಶದ ಹೆಸರಿನಲ್ಲಿ ದಾಖಲಿಸುವುದು ರೂಢಿ. ಆದರೆ ಒಂದು ಕೋರಿಕೆ ಎಲ್ಲಿ ಮುಗಿಯುತ್ತದೆ ಎಂಬುದರ ಬಗ್ಗೆ ಎರಡು ಓದುಗಳ ನಡುವೆ ಏಳುವ ಭಿನ್ನಮತವೇ ಅದರ ಮೂಲ ಎಂಬುದು ಈ ಲೇಖನದ ವಾದ. 2021ರ ಎಚ್‌ಎಪ್ರಾಕ್ಸಿ ಪ್ರಕರಣವನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಈ ವಾದವನ್ನು ಪರಿಶೀಲಿಸಲಾಗಿದೆ.

ಪ್ರಮುಖ ಪದಗಳು: ಎಚ್‌ಟಿಟಿಪಿ, ಪ್ರಾಕ್ಸಿ, ಪಾರ್ಸರ್, ಹೆಡರ್, ಭದ್ರತಾ ದೋಷ

1. ಪೀಠಿಕೆ

ಇಂದಿನ ದೊಡ್ಡ ಜಾಲತಾಣಗಳಲ್ಲಿ ಬಳಕೆದಾರರ ಕೋರಿಕೆ ನೇರವಾಗಿ ಮೂಲ ಸರ್ವರ್‌ಗೆ ಹೋಗುವುದು ಅಪರೂಪ. ಮೊದಲು ಪ್ರಾಕ್ಸಿಯೋ ಲೋಡ್ ಬ್ಯಾಲೆನ್ಸರೋ ಅದನ್ನು ಬರಮಾಡಿಕೊಂಡು, ನಿಯಮಗಳಿಗೆ ಒಡ್ಡಿ, ಹಿಂದಿರುವ ಸರ್ವರ್‌ಗೆ ದಾಟಿಸುತ್ತದೆ. ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆಯುವುದು ದುಬಾರಿ. ಆದ್ದರಿಂದ ಬೇರೆ ಬೇರೆ ಬಳಕೆದಾರರ ಕೋರಿಕೆಗಳು ಈ ಎರಡರ ನಡುವೆ ಒಂದೇ ಟಿಸಿಪಿ ಸಂಪರ್ಕದಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಅವುಗಳ ನಡುವೆ ಗೋಡೆಯಿಲ್ಲ. ಗಡಿಯನ್ನು ಪ್ರತಿಯೊಂದು ಸರ್ವರ್ ತಾನೇ ಎಣಿಸಿ ಗುರುತಿಸಬೇಕು. ಎರಡೂ ಕಡೆಯ ಎಣಿಕೆ ತಾಳೆಯಾಗದಿದ್ದರೆ, ಒಬ್ಬರ ಕೋರಿಕೆಯ ಬಾಲ ಇನ್ನೊಬ್ಬರ ಕೋರಿಕೆಯ ತಲೆಯಾಗುತ್ತದೆ. ಚೈಮ್ ಲಿನ್‌ಹಾರ್ಟ್, ಅಮಿತ್ ಕ್ಲೈನ್, ರೋನೆನ್ ಹೆಲೆಡ್ ಮತ್ತು ಸ್ಟೀವ್ ಓರಿನ್ ಅವರು 2005ರಲ್ಲಿ ವಾಚ್‌ಫೈರ್ ಸಂಸ್ಥೆಯ ಪ್ರಬಂಧದಲ್ಲಿ ಈ ದಾಳಿಯನ್ನು ವಿವರಿಸಿ ಹೆಸರಿಟ್ಟರು. 2019ರಲ್ಲಿ ಪೋರ್ಟ್‌ಸ್ವಿಗರ್‌ನ ಜೇಮ್ಸ್ ಕೆಟಲ್ ಅವರ ಸಂಶೋಧನೆ ಅದನ್ನು ಮತ್ತೆ ಚರ್ಚೆಯ ಮುನ್ನೆಲೆಗೆ ತಂದಿತು.

2. ಉದ್ದ ತಿಳಿಸುವ ಎರಡು ದಾರಿಗಳು

ಎಚ್‌ಟಿಟಿಪಿ/1.1ರಲ್ಲಿ ಕೋರಿಕೆಯ ಒಡಲು ಎಷ್ಟು ಉದ್ದ ಎಂಬುದನ್ನು ಎರಡು ಬಗೆಯಲ್ಲಿ ತಿಳಿಸಬಹುದು. ‘ಕಂಟೆಂಟ್-ಲೆಂಗ್ತ್’ ಹೆಡರ್ ಬೈಟ್‌ಗಳ ಸಂಖ್ಯೆಯನ್ನು ನೇರವಾಗಿ ಕೊಡುತ್ತದೆ. ‘ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಹೆಡರ್‌ನಲ್ಲಿ ಚಂಕ್ಡ್ ಎಂದಿದ್ದರೆ ಒಡಲು ತುಂಡುತುಂಡಾಗಿ ಬರುತ್ತದೆ, ಸೊನ್ನೆ ಉದ್ದದ ತುಂಡು ಮುಕ್ತಾಯವನ್ನು ಸೂಚಿಸುತ್ತದೆ. ಒಂದೇ ಕೋರಿಕೆಯಲ್ಲಿ ಇವೆರಡೂ ಇದ್ದಾಗ ತೊಡಕು ಶುರುವಾಗುತ್ತದೆ.

ಕಂಟೆಂಟ್-ಲೆಂಗ್ತ್ 6 ಎಂದಿರುವ, ಚಂಕ್ಡ್ ಎಂದೂ ಹೇಳುವ ಒಂದು ಕೋರಿಕೆಯನ್ನು ತೆಗೆದುಕೊಳ್ಳೋಣ. ಅದರ ಒಡಲಿನಲ್ಲಿ ಸೊನ್ನೆ, ತಲಾ 2 ಬೈಟ್‌ಗಳ ಎರಡು ಸಾಲಂತ್ಯಗಳು, ಕೊನೆಗೆ ‘ಜಿ’ ಅಕ್ಷರ ಇವೆ. ಮುಂದಿನ ಸರ್ವರ್ ಕಂಟೆಂಟ್-ಲೆಂಗ್ತ್ ನಂಬಿ 6 ಬೈಟ್‌ಗಳನ್ನೂ ದಾಟಿಸುತ್ತದೆ. ಹಿಂದಿನ ಸರ್ವರ್ ಚಂಕ್ಡ್ ಕ್ರಮವನ್ನು ಪಾಲಿಸಿ 5 ಬೈಟ್‌ಗಳಿಗೇ ನಿಲ್ಲುತ್ತದೆ. ಉಳಿದ ‘ಜಿ’ ಮುಂದೆ ಬರುವ ಅಪರಿಚಿತ ಬಳಕೆದಾರನ ‘ಪೋಸ್ಟ್’ಗೆ ಅಂಟಿಕೊಂಡು ‘ಜಿಪೋಸ್ಟ್’ ಆಗುತ್ತದೆ. ಒಂದಕ್ಷರದ ಜಾಗದಲ್ಲಿ ಇಡೀ ಕೋರಿಕೆಯನ್ನೇ ಇಟ್ಟರೆ ಪ್ರವೇಶ ನಿಯಮಗಳನ್ನು ಮೀರಬಹುದು, ಕ್ಯಾಶ್‌ನಲ್ಲಿ ವಿಷ ಬೆರೆಸಬಹುದು, ಇತರರ ಕುಕಿಗಳನ್ನು ಕದಿಯಬಹುದು. ಹಾನಿಗೊಳಗಾಗುವವನು ಯಾವ ಅನುಮಾನಾಸ್ಪದ ಕೊಂಡಿಯನ್ನೂ ಒತ್ತಿರಬೇಕಿಲ್ಲ. ಈ ದಾಳಿಯ ಅನ್ಯಾಯ ಇರುವುದು ಇಲ್ಲಿಯೇ.

3. ಎಚ್‌ಎಪ್ರಾಕ್ಸಿ ಪ್ರಕರಣ

ಭಿನ್ನಮತಕ್ಕೆ ಎರಡು ತಂತ್ರಾಂಶಗಳೇ ಬೇಕೆಂದಿಲ್ಲ ಎಂಬುದನ್ನು 2021ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾದ ಸಿವಿಇ-2021-40346 ತೋರಿಸಿತು. ಇದನ್ನು ಪತ್ತೆಹಚ್ಚಿದವರು ಜೆಫ್ರಾಗ್ ಸಂಸ್ಥೆಯ ಸಂಶೋಧಕರು. ಎಚ್‌ಎಪ್ರಾಕ್ಸಿ ತಾನು ಓದಿದ ಹೆಡರ್‌ಗಳನ್ನು ಎಚ್‌ಟಿಎಕ್ಸ್ ಎಂಬ ಒಳರೂಪದಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಹೆಡರ್ ಹೆಸರಿನ ಉದ್ದಕ್ಕೆ 8 ಬಿಟ್, ಮೌಲ್ಯದ ಉದ್ದಕ್ಕೆ 20 ಬಿಟ್ ಮೀಸಲು. 8 ಬಿಟ್‌ಗಳಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 255. ಹೆಸರು ಈ ಮಿತಿಯೊಳಗೆ ಇದೆಯೇ ಎಂಬ ತಪಾಸಣೆ ಅಲ್ಲಿರಲಿಲ್ಲ.

ದಾಳಿಕೋರ 270 ಅಕ್ಷರಗಳ ಹೆಡರ್ ಹೆಸರನ್ನು, ಮೌಲ್ಯವನ್ನು ಖಾಲಿ ಬಿಟ್ಟು ಕಳುಹಿಸುತ್ತಾನೆ. ಹೆಸರಿನ ಮೊದಲ 14 ಅಕ್ಷರಗಳು ‘ಕಂಟೆಂಟ್-ಲೆಂಗ್ತ್’ ಎಂಬುದರ ಇಂಗ್ಲಿಷ್ ಕಾಗುಣಿತ, 15ನೆಯದು ಸೊನ್ನೆ, ಮಿಕ್ಕವು ಬರೀ ತುಂಬುವಿಕೆ. 270ರಲ್ಲಿ 256 ಕಳೆದರೆ 14. ಹೀಗಾಗಿ ಹೆಸರಿನ ಉದ್ದ 14 ಎಂದು ದಾಖಲಾಗುತ್ತದೆ. ಉಕ್ಕಿದ 1 ಪಕ್ಕದ ಅಂಕಣಕ್ಕೆ ಹರಿದು ಮೌಲ್ಯದ ಉದ್ದವನ್ನು 1 ಮಾಡುತ್ತದೆ. ಅರ್ಥವಿಲ್ಲದ ಹೆಡರೊಂದು ‘ಕಂಟೆಂಟ್-ಲೆಂಗ್ತ್: 0’ ಆಗಿ ಮರುಹುಟ್ಟು ಪಡೆಯುತ್ತದೆ. ಓದುವ ಹಂತದಲ್ಲಿ ಎಚ್‌ಎಪ್ರಾಕ್ಸಿ ಕೋರಿಕೆಯ ನಿಜವಾದ ಉದ್ದವನ್ನೇ ಗ್ರಹಿಸಿ, ಇಡೀ ಒಡಲನ್ನು ಒಂದೇ ಕೋರಿಕೆಯೆಂದು ದಾಟಿಸಿರುತ್ತದೆ. ಹಿಂದಿನ ಸರ್ವರ್‌ಗೆ ತಲುಪುವ ಪ್ರತಿಯಾದರೋ ಒಡಲೇ ಇಲ್ಲ ಎನ್ನುತ್ತದೆ. ಆ ಒಡಲು ಅಲ್ಲಿ ಎರಡನೇ ಕೋರಿಕೆಯಾಗಿ ಜಾರಿಯಾಗುತ್ತದೆ, ನಿಷೇಧ ನಿಯಮಗಳು ಅದನ್ನು ನೋಡಿಯೇ ಇರುವುದಿಲ್ಲ.

ಇಲ್ಲಿ ಪ್ರಾಕ್ಸಿ ಹಿಂದಿನ ಸರ್ವರ್‌ನೊಂದಿಗೆ ಭಿನ್ನಮತ ತಳೆಯುವ ಮುನ್ನ ತನ್ನೊಂದಿಗೇ ಭಿನ್ನಮತ ತಳೆದಿದೆ. ಪರಿಹಾರ ಚಿಕ್ಕದು: ಹೆಸರು 255ನ್ನು, ಮೌಲ್ಯ 10,48,575ನ್ನು ಮೀರಿದರೆ ಹೆಡರನ್ನು ತಿರಸ್ಕರಿಸುವ ತಪಾಸಣೆ. 2.0.25, 2.2.17, 2.3.14, 2.4.4 ಆವೃತ್ತಿಗಳಲ್ಲಿ ಅದನ್ನು ಸೇರಿಸಲಾಯಿತು.

4. ಹೊಸ ಆವೃತ್ತಿ, ಹಳೆಯ ದೋಷ

ಎಚ್‌ಟಿಟಿಪಿ/2ರಲ್ಲಿ ಪ್ರತಿ ಫ್ರೇಮ್‌ನ ಉದ್ದ 24 ಬಿಟ್‌ಗಳ ನಿಶ್ಚಿತ ಅಂಕಣದಲ್ಲಿರುವುದರಿಂದ ಗೊಂದಲಕ್ಕೆ ಎಡೆ ಕಡಿಮೆ. ಆದರೂ ಹಲವು ಪ್ರಾಕ್ಸಿಗಳು ಬ್ರೌಸರ್‌ನೊಂದಿಗೆ ಎಚ್‌ಟಿಟಿಪಿ/2ರಲ್ಲಿ ವ್ಯವಹರಿಸಿ, ಹಿಂದಕ್ಕೆ ಎಚ್‌ಟಿಟಿಪಿ/1.1ರಲ್ಲಿ ಬರೆದು ಕಳುಹಿಸುತ್ತವೆ. ಈ ರೂಪಾಂತರದಲ್ಲಿ ಕಂಟೆಂಟ್-ಲೆಂಗ್ತ್ ನಿಜವಾದ ಉದ್ದಕ್ಕೆ ಸರಿಹೊಂದುತ್ತದೆಯೇ ಎಂದು ನೋಡದಿದ್ದರೆ ಹಳೆಯ ದೋಷ ಹಾಗೆಯೇ ಮರಳುತ್ತದೆ. ನೆಟಿ ಗ್ರಂಥಾಲಯದಲ್ಲಿ ಇದೇ ಕಾರಣಕ್ಕೆ ಸಿವಿಇ-2021-21295 ದಾಖಲಾಯಿತು.

5. ಔದಾರ್ಯದಿಂದ ನಿಷ್ಠುರತೆಗೆ

ಕಳುಹಿಸುವಾಗ ಬಿಗಿ, ಸ್ವೀಕರಿಸುವಾಗ ಉದಾರ ಎಂಬ ಜಾನ್ ಪೋಸ್ಟೆಲ್ ಅವರ 1980ರ ಸೂತ್ರ ಅಂತರಜಾಲದ ಬೆಳವಣಿಗೆಗೆ ನೆರವಾಯಿತು. ಆದರೆ ಪ್ರತಿ ಸರ್ವರ್ ತನ್ನದೇ ರೀತಿಯಲ್ಲಿ ಉದಾರವಾದರೆ, ಆ ರೀತಿಗಳ ನಡುವಿನ ಅಂತರವೇ ದಾಳಿಕೋರನಿಗೆ ದಾರಿ. ಮಾನಕಗಳ ಇತಿಹಾಸದಲ್ಲೂ ಈ ಅರಿವು ಹಂತಹಂತವಾಗಿ ಮೂಡಿದೆ. 1999ರ ಆರ್‌ಎಫ್‌ಸಿ 2616 ಎರಡೂ ಹೆಡರ್‌ಗಳಿದ್ದಾಗ ಕಂಟೆಂಟ್-ಲೆಂಗ್ತ್ ಅನ್ನು ಕಡೆಗಣಿಸಿ ಎಂದಷ್ಟೇ ಹೇಳಿತ್ತು. 2014ರ ಆರ್‌ಎಫ್‌ಸಿ 7230 ಅದನ್ನು ದೋಷವೆಂದೇ ಪರಿಗಣಿಸುವುದು ಯುಕ್ತ ಎಂದಿತು. 2022ರ ಆರ್‌ಎಫ್‌ಸಿ 9112, ಅಂಥ ಕೋರಿಕೆಗೆ ಉತ್ತರಿಸಿದ ನಂತರ ಸರ್ವರ್ ಸಂಪರ್ಕವನ್ನು ಮುಚ್ಚಲೇಬೇಕು ಎಂದು ವಿಧಿಸಿತು.

6. ಉಪಸಂಹಾರ

ಮೇಲಿನ ಮೂರೂ ಪ್ರಕರಣಗಳಲ್ಲಿ ತಪ್ಪಿದ್ದು ಒಂದೇ: ಅನುಮಾನಕ್ಕೆ ಎಡೆಯಿದ್ದ ಕೋರಿಕೆಯನ್ನು ತಡೆಯದೆ ಮುಂದೆ ಕಳುಹಿಸಿದ್ದು. ಆದ್ದರಿಂದ ಒಂದೊಂದು ತಂತ್ರಾಂಶವನ್ನು ಬಿಡಿಯಾಗಿ ಪರೀಕ್ಷಿಸಿ ಸುರಕ್ಷಿತವೆಂದು ಘೋಷಿಸುವುದು ಸಾಲದು. ಪ್ರಾಕ್ಸಿ ಮತ್ತು ಸರ್ವರ್‌ಗಳನ್ನು ಜೋಡಿಯಾಗಿಯೇ ಪರೀಕ್ಷೆಗೆ ಒಡ್ಡಬೇಕು. ಸರ್ವರ್ ಬರೆಯುವವರು ಸಂದಿಗ್ಧ ಕೋರಿಕೆಯನ್ನು ತಿದ್ದಲು ಹೋಗದೆ ತಿರಸ್ಕರಿಸಬೇಕು. ಸರ್ವರ್ ನಡೆಸುವವರು ಸಾಧ್ಯವಿರುವ ಕಡೆ ಕೊನೆಯ ಸರ್ವರ್‌ವರೆಗೂ ಎಚ್‌ಟಿಟಿಪಿ/2 ಬಳಸಬೇಕು, ಪರಿಷ್ಕೃತ ಆವೃತ್ತಿಗಳನ್ನು ವಿಳಂಬವಿಲ್ಲದೆ ಅಳವಡಿಸಬೇಕು. ಕೋರಿಕೆಯ ಗಡಿಯ ಬಗ್ಗೆ ಖಚಿತವಾಗಿ ಹೇಳಲಾಗದ ಸರ್ವರ್‌ಗೆ ಅದನ್ನು ಮುಂದೆ ಕಳುಹಿಸುವ ಹಕ್ಕಿಲ್ಲ.